ಹದಿನಾಲ್ಕು ಎಂದು ಬರೆದವಳು

ಮಾರ್ಚ್ 4, ಸೋಮವಾರ
ಎಂಟಕ್ಕೆ ಅಂಗಡಿಯ ಶಟರ್ ಎತ್ತಿದರು. ಬಕೆಟ್, ಬೆಡ್‌ಶೀಟ್, ಪ್ಲಾಸ್ಟಿಕ್ ಡಬ್ಬಿ... ನನ್ನ ಸೆಕ್ಷನ್ನಿನ ಆಫರ್ ಬೋರ್ಡುಗಳನ್ನೆಲ್ಲ ಬದಲಿಸಿದ್ದಾಯಿತು. ಹೊಸ ಮ್ಯಾನೇಜರ್ ಬಂದು ಎರಡು ತಿಂಗಳು. ಎಲ್ಲವನ್ನೂ ಗಡಿಯಾರ ಹಿಡಿದೇ ಅಳೆಯುತ್ತಾರೆ. ಹುಡುಗಿಯರು ಇಟ್ಟ ಹೆಸರು ಸ್ಟಾಪ್‌ವಾಚ್. ಟಾಯ್ಲೆಟ್ಟಿಗೂ ಏಳು ನಿಮಿಷ.
ಇವತ್ತು ಮಿಂಚುವನ್ನು ಬಿಲ್ಲಿಂಗ್‌ನಿಂದ ಎತ್ತಿ ಹಿಂದಿನ ಲೇಬಲ್ ರೂಮಿಗೆ ಹಾಕಿದರು. ಅವಳಿಗೆ ಕಿವಿ ಕೇಳಿಸದು, ಮಾತು ಬಾರದು. ಕೈ ಮಾತ್ರ ಮಿಂಚು — ಹೆಸರು ಬಂದದ್ದೇ ಹಾಗೆ.
"ಗಿರಾಕಿ ಕೂಗಿದ್ರೆ ತಿರುಗಲ್ಲ, ಕಂಪ್ಲೇಂಟ್ ಬರತ್ತೆ," ಎಂದರು.
ಬಾಗಿಲ ಬಳಿಯ ಪೋಸ್ಟರಿನಲ್ಲಿ ಅವಳದೇ ಫೋಟೊ: 'ಇಲ್ಲಿ ಎಲ್ಲರಿಗೂ ಜಾಗವಿದೆ.' ಇದೆ, ಹಿಂದುಗಡೆ. ಲೇಬಲ್ ರೂಮು ನನ್ನ ಸೆಕ್ಷನ್ನಿಗೇ ಸೇರಿದ್ದು. ಅವಳೂ ಸೇರಿ ಈಗ ಹದಿನಾಲ್ಕು ಮಂದಿ.

ಮಾರ್ಚ್ 12, ಮಂಗಳವಾರ, ಸಂಜೆ
ಮಧ್ಯಾಹ್ನ ಫೈರ್ ಡ್ರಿಲ್. ಸೈರನ್ ಹೊಡೆಯಿತು, ಎಲ್ಲರೂ ಪಾರ್ಕಿಂಗ್‌ಗೆ. ತಲೆ ಎಣಿಸಿದೆ — ಹದಿಮೂರು. ಮತ್ತೆ ಎಣಿಸಿದೆ. ಹದಿಮೂರೇ. ಸ್ಟಾಪ್‌ವಾಚ್ ಎದುರಿಗೇ ನಿಂತಿದ್ದರು.
"ಬೇಗ, ಬೇಗ! ನಾಲ್ಕು ನಿಮಿಷದೊಳಗೆ ಮುಗೀಬೇಕು!"
ಹದಿನಾಲ್ಕು ಎಂದು ಬರೆದು ಸಹಿ ಹಾಕಿದೆ.
ಒಳಗೆ ಹೋದಾಗ ಮಿಂಚು ಲೇಬಲ್ ಅಂಟಿಸುತ್ತ ಕೂತಿದ್ದಳು. ಚೀಟಿ ಬರೆದು ತೋರಿಸಿದಳು: 'ಎಲ್ರೂ ಎಲ್ಲಿ ಹೋಗಿದ್ರಿ? ಟೀಗಾ? ನನ್ನ ಬಿಟ್ಟು?' ಹೂಂ ಎಂದು ತಲೆಯಾಡಿಸಿದೆ. ನಕ್ಕಳು.

ಮಾರ್ಚ್ 13
ಬರೆಯಲು ಏನಿಲ್ಲ.

ಮಾರ್ಚ್ 27, ಬುಧವಾರ
ನಮ್ಮ ಬ್ರಾಂಚಿಗೆ ಸುರಕ್ಷತೆಯ ಪ್ರಶಸ್ತಿ. ಫೋಟೊಗೆ ಮಿಂಚುವನ್ನೇ ಮುಂದೆ ನಿಲ್ಲಿಸಿದರು. ಗೋಡೆಗೆ ಸರ್ಟಿಫಿಕೇಟ್: 'ಮಾರ್ಚ್ 12ರ ಫೈರ್ ಡ್ರಿಲ್, 3 ನಿಮಿಷ 50 ಸೆಕೆಂಡಿನಲ್ಲಿ ಎಲ್ಲ ಸಿಬ್ಬಂದಿ ಹೊರಗೆ.' ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಚೀಟಿ: 'ಅಕ್ಕಾ, ನಾನು ಬಂದಿರಲಿಲ್ಲ. ಬಂದೆ ಅಂತ ಬರೆದವರು ಯಾರು?'
ಬೆರಳಿನಿಂದ ನನ್ನನ್ನೇ ತೋರಿಸಿಕೊಂಡೆ. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಹೋದಳು.
ಮ್ಯಾನೇಜರ್ ರೂಮಿಗೆ ಹೋದೆ. "ಸೈರನ್ ಜೊತೆ ಒಂದು ಕೆಂಪು ದೀಪ ಹಾಕಿಸಿ ಸಾರ್."
"ಒಬ್ಬಳಿಗೋಸ್ಕರಾನಾ? ಮುಂದಿನ ವರ್ಷ ನೋಡೋಣ. ಅಸಿಸ್ಟೆಂಟ್ ಮ್ಯಾನೇಜರ್ ಲಿಸ್ಟಲ್ಲಿ ನಿಮ್ಮ ಹೆಸರಿದೆ. ಜ್ಞಾಪಕ ಇರಲಿ."

ಮಾರ್ಚ್ 28
ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದರು: "ಏನಮ್ಮಾ, ಬರೀ ತಟ್ಟೇಲಿ ಬೆರಳಾಡಿಸ್ತಿದ್ದೀಯ?"
ಹೇಳಿದೆ.
"ನಿಜವಾಗ್ಲೂ ಬೆಂಕಿ ಬಿದ್ದಿದ್ರೆ?" ಅಷ್ಟೇ ಕೇಳಿ, ತಟ್ಟೆ ಎತ್ತಿಕೊಂಡು ಒಳಗೆ ಹೋದರು.
ಹೆಡ್ ಆಫೀಸಿಗೆ ಮೇಲ್. ಆರು ಸಾಲು: ಡ್ರಿಲ್‌ನಲ್ಲಿ ಒಬ್ಬಳು ಒಳಗೇ ಉಳಿದಿದ್ದಳು, ದೀಪ ಬೇಕು. ಕಳಿಸಿದೆ.

ಏಪ್ರಿಲ್ 9, ಮಂಗಳವಾರ
ವಿಚಾರಣೆ. ಹೆಡ್ ಆಫೀಸಿನಿಂದ ಒಬ್ಬ ಮೇಡಂ, ಜೊತೆಗೆ ಮಿಂಚುವಿನ ಸನ್ನೆಯನ್ನು ಮಾತಿಗೆ ತರುವ ಹೆಂಗಸು.
"ಎಣಿಸೋವಾಗ ಇವರು ತಪ್ಪಿದಾರೆ. ಮನುಷ್ಯರು, ಆಗತ್ತೆ," ಎಂದರು ಸ್ಟಾಪ್‌ವಾಚ್. ಪಾರಾಗಲು ದಾರಿ ತೋರಿಸಿದರು ಅನ್ನಬೇಕು.
"ಎಣಿಕೆ ತಪ್ಪಿತಾ?" ಮೇಡಂ ನನ್ನ ಕಡೆ ತಿರುಗಿದರು.
"ಇಲ್ಲ. ಎಣಿಕೆ ಸರಿಯಿತ್ತು. ಬರೆದದ್ದು ಸುಳ್ಳು."
ಮಿಂಚುವಿನ ಕೈಗಳು ಆಡಿದವು. ಸನ್ನೆಯವರು ಹೇಳಿದರು: "ಒಳಗೆ ಉಳಿದಿರೋದು ನಾನೇ ಅಂತ ಗೊತ್ತಿತ್ತಾ, ಅಂತ ಕೇಳ್ತಿದ್ದಾರೆ."
ಅವಳ ಮುಖ ನೋಡಿಯೇ ಹೇಳಿದೆ. "ಗೊತ್ತಿತ್ತು."

ಏಪ್ರಿಲ್ 22, ಸೋಮವಾರ
ಪ್ರಶಸ್ತಿ ವಾಪಸ್. ಸ್ಟಾಪ್‌ವಾಚ್ ಬೇರೆ ಬ್ರಾಂಚಿಗೆ — ಇದಕ್ಕಿಂತ ದೊಡ್ಡದಂತೆ. ನನಗೆ ಸೆಕ್ಷನ್ ಹೋಯಿತು. ಇನ್ನು ಬಿಲ್ಲಿಂಗ್, ಮೂರನೇ ಕೌಂಟರ್. ಮಿಂಚು ಮತ್ತೆ ಬಿಲ್ಲಿಂಗಿಗೆ, ಪಕ್ಕದ ನಾಲ್ಕರಲ್ಲಿ. ದೀಪಕ್ಕೆ ಆರ್ಡರ್ ಆಗಿದೆಯಂತೆ. ಅವಳು ನನ್ನ ಕಡೆ ನೋಡುವುದಿಲ್ಲ. ಸರಿಯೇ.

ಏಪ್ರಿಲ್ 30, ಮಂಗಳವಾರ
ಬ್ರೇಕಿನಲ್ಲಿ ಮಿಂಚು ಬಂದು ಎದುರಿಗೆ ಕೂತಳು. 'ಕ್ಷಮಿಸು' ಎಂದು ಬರೆದು ತಳ್ಳಿದೆ. ಅದರ ಕೆಳಗೇ ಬರೆದು ವಾಪಸ್ ತಳ್ಳಿದಳು: 'ಅದು ಆಮೇಲೆ. ದೀಪ ಬರೋವರೆಗೂ ನನ್ನ ಕರೆಯೋಳು ನೀನೇ. ಕಲಿ.'
ಎರಡು ಕೈ, ಬೆರಳುಗಳು ಮೇಲಕ್ಕೆ ಏಳುತ್ತವೆ — ಬೆಂಕಿ. ನಾನೂ ಮಾಡಿದೆ. ಅಲ್ಲ ಎಂದು ತಲೆ ಅಲ್ಲಾಡಿಸಿ, ನನ್ನ ಮಣಿಕಟ್ಟು ಹಿಡಿದು ತಿರುಗಿಸಿದಳು. ನಾಲ್ಕನೇ ಸಲಕ್ಕೆ ಹೆಬ್ಬೆರಳು ಎತ್ತಿದಳು. ಆಮೇಲೆ 'ಓಡು'. ಮೂರನೇ ಸನ್ನೆ ತೋರಿಸುವಷ್ಟರಲ್ಲಿ ಬ್ರೇಕ್ ಮುಗಿದು, ಕೌಂಟರಿನಲ್ಲಿ ಆಗಲೇ ಸಾಲು...