ಹೊತ್ತು ಮುಳುಗುವ ಮೊದಲು ಉಸುಕು ಮುಟ್ಟುವ ದೋಣಿ

ಸತ್ತಿ, ತಾಲೂಕು ಅಥಣಿ
ದಿ. ೧೨-೩-೧೯೮೯

ಗೆಳೆಯ ಇಬ್ರಾಹಿಮನಿಗೆ,

ನಿನಗೆ ನನ್ನ ಸಲಾಮು, ನಿನ್ನ ಮನೆಯಾಕೆ ಮೆಹರುಬಿ ವೈನಿಗೆ ಜಯ ಜಿನೇಂದ್ರ. ನಾನು ಇನ್ನೂ ಇದ್ದೇನೆ. ನೀನೂ ಇದ್ದೀ ಅಂತ ನಿನ್ನ ಕಾಗದ ನೋಡಿದ ಮೇಲೆ ತಿಳಿಯಿತು. ಹೋದ ಬೇಸಿಗೆಯಿಂದ ಒಂದು ಸಾಲು ಬರೆಯದವನು ಈಗ ಎರಡು ಫೋಟೋ ಮತ್ತು ಅರ್ಧ ಹಾಳೆ ಕಳಿಸಿದ್ದೀ. ಅದರಲ್ಲೂ ಮೇಲಿನ ಭಾಗ ಪೂರ್ತಿ ನಿಪ್ಪಾಣಿಯ ಬಿಸಿಲು. ನಿಮ್ಮ ಬಿಸಿಲು ನನಗೆ ಯಾಕೆ ಬೇಕು? ಇಲ್ಲಿ ನಮ್ಮದೇ ತಲೆ ಸೀಳುತ್ತಿದೆ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ನೀನು ಬರೆದದ್ದು ಇಷ್ಟು. ವೆಂಗುರ್ಲೆಯ ರಾಜಾರಾಮನ ಹತ್ತಿರ ಪರದೇಶದವರು ಬಿಟ್ಟುಹೋದ ಎರಡು ಸಣ್ಣ ಹಾಯಿದೋಣಿ ಇವೆ. ಒಂದಕ್ಕೆ ನೀರಿನ ಮೇಲೆ ತೇಲುವ ಎರಡು ಒಡಲು, ಇನ್ನೊಂದಕ್ಕೆ ಮೂರು. ಎರಡೂ ಗಾಳಿ ಸಿಕ್ಕರೆ ಕುದುರೆಯ ಹಾಗೆ ಓಡುತ್ತವೆ. ಯಾವುದು ಬೇಕು ಅಂತ ನಾನು ಹೇಳಿದರೆ, ನೀನು ಹಿಂದೆ ಓಡಿಸುತ್ತಿದ್ದ ತಂಬಾಕಿನ ಲಾರಿಯೇ ಕೊಂಕಣದಿಂದ ಖಾಲಿ ಬರುವಾಗ ಹೇರಿಕೊಂಡು ಬರುತ್ತದೆ. ಇಷ್ಟು ಬರೆದು ಕೊನೆಗೆ ಒಂದು ಕೊಕ್ಕೆ ಹಾಕಿದ್ದೀ. "ನೀ ರಾತ್ರಿ ಉಣ್ಣಾಂವಿದ್ರ ಅಷ್ಟ ನಾ ಬರತೀನಿ. ಇಲ್ಲಂದ್ರ ದೋಣೀನೂ ಬ್ಯಾಡ, ಹೊಳೀನೂ ಬ್ಯಾಡ."

ಬೇಸಿಗೆಗೆ ಒಮ್ಮೆ ಅಂಕಲಿಯಿಂದ ಸತ್ತಿಯ ತನಕ ಹೊಳೆಗುಂಟ ನಾವೆಯಲ್ಲಿ ಬರುವುದು, ಉಸುಕಿನ ದಿಬ್ಬದ ಮೇಲೆ ಮೂರು ರಾತ್ರಿ ವಸ್ತಿ ಮಾಡುವುದು, ಇದನ್ನು ನಾವು ನನ್ನ ಹೆಂಡತಿ ತೀರಿಕೊಂಡ ವರ್ಷವೂ ಬಿಡಲಿಲ್ಲ, ನಿನ್ನ ಲಾರಿ ಘಾಟಿನಲ್ಲಿ ಮಗುಚಿದ ವರ್ಷವೂ ಬಿಡಲಿಲ್ಲ. ಈಗ ಒಂದು ಸಾಲಿನಲ್ಲಿ ಬಿಡಿಸಲು ಬಂದಿದ್ದೀ. ಇದೊಂದು ಹೋದರೆ ನನಗೆ ವರ್ಷದಲ್ಲಿ ಉಳಿಯುವುದು ಕಬ್ಬಿಗೆ ನೀರು ಹಾಯಿಸುವುದು, ಗುಳಿಗೆ ನುಂಗುವುದು, ಜಗಲಿಯ ಮೇಲೆ ಕೂತು ಹೋಗಿಬರುವವರ ಮೇಲೆ ಒದರುವುದು. ಒದರುವುದೂ ಈಗ ದಣಿವಾಗುತ್ತದೆ. ಈ ಕಾಗದವನ್ನೇ ಸಿಟ್ಟಿನಲ್ಲಿ ಹರಿದು ಮತ್ತೆ ಬರೆಯುತ್ತಿದ್ದೇನೆ.

ಮೊದಲು ದೋಣಿಯ ಮಾತು ಮುಗಿಸುತ್ತೇನೆ. ಉಣ್ಣುವ ಮಾತು ಆಮೇಲೆ.

ಇಷ್ಟು ವರ್ಷ ಹುಟ್ಟು ಹಾಕಿದ ಬಾಡಿಗೆಯ ನಾವೆ ಇನ್ನು ನಮಗೆ ಆಗುವುದಿಲ್ಲ, ಅದು ಖರೆ. ನನ್ನ ಬಲಗೈ ಹೆಗಲಿನ ಮೇಲೆ ಏರುವುದಿಲ್ಲ, ಹುಟ್ಟು ಹಾಕುವುದು ದೂರ. ನಿನ್ನ ಸೊಂಟದ ಸುದ್ದಿ ನೀನು ಬರೆದಿಲ್ಲ. ಬರೆಯದಿದ್ದರೆ ಗೊತ್ತಾಗುವುದಿಲ್ಲ ಅಂತ ತಿಳಿದಿದ್ದೀ. ಗಾಳಿಯೇ ಎಳೆಯಬೇಕು, ನಾವು ಬರೀ ಕೂಡಬೇಕು. ಆ ಕಾಲ ಬಂದಿದೆ.

ನೀನು ಮುಖ ತೋರಿಸದಿದ್ದರೂ ನಾನು ಸುಮ್ಮನೆ ಕೂತಿರಲಿಲ್ಲ. ದಸರೆಗಿಂತ ಮೊದಲು, ಹೊಳೆಯಲ್ಲಿ ನೀರೂ ಗಾಳಿಯೂ ಇದ್ದಾಗ, ಗಾಣದ ಎರಡು ಬೆಲ್ಲದ ಕಡಾಯಿಗಳನ್ನು ದಂಡೆಗೆ ತರಿಸಿದೆ. ಮಹಾಪೂರ ಬಂದಾಗ ನಮ್ಮ ಮಂದಿ ಒಂದು ಕಡಾಯಿಯಲ್ಲಿ ಕೂತು ಹೊಳೆ ದಾಟುವುದು, ಅದು ಗಿರಗಿರ ತಿರುಗುವುದು ನೀನು ನೋಡಿದ್ದೀ. ಎರಡನ್ನು ಜೋಡಿಸಿ ಬಿದಿರು ಕಟ್ಟಿದರೆ ತಿರುಗುವುದಿಲ್ಲ, ಮೇಲೆ ತಾಡಪತ್ರಿ ಏರಿಸಿದರೆ ಓಡುತ್ತದೆ, ಇದು ನನ್ನ ಲೆಕ್ಕ. ತಿರುಗಲಿಲ್ಲ, ಅಷ್ಟು ಮಟ್ಟಿಗೆ ನನ್ನ ತಲೆ ಸರಿಯಾಗಿಯೇ ಇತ್ತು. ಆದರೆ ಮುಂದಕ್ಕೂ ಹೋಗಲಿಲ್ಲ. ಏಡಿಯ ಹಾಗೆ ಅಡ್ಡಡ್ಡ ಜಾರಿಕೊಂಡು ಆಚೆ ದಂಡೆಗೆ ಹೊರಟಿತು. ದಂಡೆಯ ಮೇಲೆ ಎಮ್ಮೆ ಮೈತೊಳೆಯುತ್ತಿದ್ದ ಲಗಮಪ್ಪ, ಊರಿಗೆಲ್ಲ ಕೇಳುವ ಹಾಗೆ, "ಸಾವ್ಕಾರ್ರ, ಈ ಸರತಿ ಬೆಲ್ಲಾ ಯಾ ಪ್ಯಾಟಿಗೆ ಹೊಂಟೈತ್ರಿ?" ಅಂತ ಕೂಗಿದ. ನಾನು ಕೊಟ್ಟ ಉತ್ತರ ಕಾಗದದಲ್ಲಿ ಬರೆಯುವಂಥದಲ್ಲ. ಆಚೆ ದಂಡೆ ಹತ್ತಿ, ಕುಡಚಿಯ ಸೇತುವೆ ಸುತ್ತಿ ಬಸ್ಸಿನಲ್ಲಿ ಮನೆಗೆ ಬಂದೆ. ಕಡಾಯಿಗಳು ಟ್ರ್ಯಾಕ್ಟರಿನಲ್ಲಿ ಬಂದವು. ನನ್ನ ಮಗ ಉತ್ತಮ ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ, ಅದೊಂದು ಸುಖ.

ಅಲ್ಲಿ ನನಗೆ ತಿಳಿದದ್ದು ಇದು. ದುಂಡು ಹೊಟ್ಟೆ ನೀರನ್ನು ಹಿಡಿಯುವುದಿಲ್ಲ. ಒಡಲು ಉದ್ದ ಇರಬೇಕು, ತೆಳ್ಳಗಿರಬೇಕು. ಅಡ್ಡ ಜಾರದಂತೆ ಕೆಳಗೆ ನೀರಿಗೆ ಇಳಿಯುವ ಹಲಗೆ ಇರಬೇಕು, ಉಸುಕು ಬಂದಾಗ ಅದನ್ನು ಮೇಲಕ್ಕೆ ಎತ್ತಲು ಬರಬೇಕು. ರಾಜಾರಾಮನನ್ನು ಇದನ್ನೇ ಕೇಳು. ಬಣ್ಣ ಕೇಳಬೇಡ.

ನಿನ್ನ ಮನಸ್ಸು ಮೂರು ಒಡಲಿನದರ ಮೇಲೆ ಬಿದ್ದಿದೆ. ಆ ಫೋಟೋದ ಹಿಂದೆ "ಏಕದಮ್ ಝಕಾಸ್" ಅಂತ ಬರೆದದ್ದು ಓದಿದೆ. ಚಂದ ಇದೆ, ಇಲ್ಲ ಅನ್ನುವುದಿಲ್ಲ. ನಡುವೆ ದೊಡ್ಡ ಒಡಲು, ಎರಡು ಬಗಲಿಗೆ ಎರಡು ಕೂಸು. ಸುಲಭಕ್ಕೆ ಮಗುಚುವುದಿಲ್ಲ, ತಿರುವಿನಲ್ಲಿ ಚುರುಕು ಅಂತ ರಾಜಾರಾಮ ಹೇಳಿದ್ದೂ ಸುಳ್ಳಿರಲಿಕ್ಕಿಲ್ಲ. ಆದರೆ ಕೂಡುವ ಜಾಗ ನೋಡು, ದನದ ಗೋದಲಿಯಷ್ಟು. ಅದರಲ್ಲಿ ಇಳಿದು ಕೂತರೆ ನಿನ್ನನ್ನು ನಾನು ಎಬ್ಬಿಸಬೇಕು, ನನ್ನನ್ನು ಯಾರು ಎಬ್ಬಿಸುವುದು? ಏಪ್ರಿಲಿನಲ್ಲಿ ನಮ್ಮ ಹೊಳೆ ಸಮುದ್ರವಲ್ಲ. ಅಲ್ಲಲ್ಲಿ ಮೊಣಕಾಲು ನೀರು, ಎರಡೂ ದಂಡೆಗೆ ಪಂಪಸೆಟ್ಟಿನ ಪೈಪು, ಮೀನಿನವರ ಗೂಟ. ಅಷ್ಟು ಅಗಲದ್ದನ್ನು ಎಲ್ಲಿ ತೂರಿಸುತ್ತೀ? ಒಂದು ಕೂಸು ಪೈಪಿಗೆ ಸಿಕ್ಕಿದರೆ ಇಡೀ ದೋಣಿ ಅಲ್ಲೇ ಗಿರಕಿ ಹೊಡೆಯುತ್ತದೆ. ಅಷ್ಟು ಭಾರದ್ದನ್ನು ಸಂಜೆಗೆ ಉಸುಕಿನ ಮೇಲೆ ಎಳೆಯಲು ನಾಲ್ಕು ಮಂದಿ ಬೇಕು. ನಾವು ಇಬ್ಬರು, ಕೂಡಿಸಿದರೆ ಒಂದೂವರೆ.

ಎರಡು ಒಡಲಿನದಕ್ಕೆ ನಡುವೆ ಬಿಗಿದು ಕಟ್ಟಿದ ಬಲೆ ಇದೆ. ಅದರ ಮೇಲೆ ಚಾಪೆ ಹಾಸಿ ಕಾಲು ಚಾಚಬಹುದು, ಬೇಕೆಂದಾಗ ಮಲಗಬಹುದು. ಅಂಗೈಯಷ್ಟು ನೀರಿನಲ್ಲಿ ಹಾಯುತ್ತದೆ. ಒಂದು ತುದಿ ನೀನು ಎತ್ತು, ಒಂದು ತುದಿ ನಾನು ಎತ್ತುತ್ತೇನೆ, ತೆವಳಿಸುತ್ತ ಮೇಲೆ ತರಬಹುದು. ಹಾಯಿಯ ಕೆಳಗಿನ ಅಡ್ಡಗೋಲಿನ ಮೇಲೆ ತಾಡಪತ್ರಿ ಇಳಿಬಿಟ್ಟರೆ ಅದೇ ಡೇರೆ. ಅದಕ್ಕೂ ಐಬು ಇದೆ. ಬೇಗ ತಿರುಗುವುದಿಲ್ಲ, ನನ್ನ ಹಾಗೆ. ಬೋರಲು ಬಿದ್ದರೆ ತಾನಾಗಿ ಏಳುವುದಿಲ್ಲ, ಅದೂ ನನ್ನ ಹಾಗೇ. ಎಲ್ಲಕ್ಕಿಂತ ದೊಡ್ಡ ಐಬು ಅಂದರೆ ತೂಕ ಹೇರಿದರೆ ಆ ತೆಳ್ಳಗಿನ ಒಡಲು ಕುಸಿಯುತ್ತದೆ, ಓಟ ಸತ್ತುಹೋಗುತ್ತದೆ. ಅದಕ್ಕೆ ನಿನ್ನ ಮಡಚುವ ಕಾಟು ಬರಕೂಡದು. ನಿನ್ನ ರೇಡಿಯೋ ಬರಕೂಡದು. ರೋಜಾ ಹಿಡಿದು ದಿನವಿಡೀ ಹನಿ ನೀರು ಮುಟ್ಟದವನು ಮದುವೆಮನೆಯ ಪಾತ್ರೆ ಹೊತ್ತು ತರುತ್ತೀ ನೋಡು, ಅವೂ ಬರಕೂಡದು. ನನ್ನ ಕಡೆಯಿಂದ ಒಂದು ಚೀಲ ಹಿಟ್ಟು, ಬೇಳೆ, ನೀರು ಸೋಸುವ ಬಟ್ಟೆ, ಒಂದು ಸ್ಟೋವು.

ಈಗ ಉಣ್ಣುವ ಮಾತು.

ನಮ್ಮದು ಹೊಳೆಯಲ್ಲಿ ಯಾರಿಗೂ ಇಲ್ಲದ ಸಂಸಾರ. ನಾನು ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ. ನೀನು ರಂಜಾನಿನಲ್ಲಿ ಹೊತ್ತು ಮುಳುಗುವ ತನಕ ಉಣ್ಣುವವನಲ್ಲ. ಒಂದು ಸ್ಟೋವು, ಎರಡು ಊಟ, ನಡುವೆ ಸೂರ್ಯ. ಮೊದಲೆಲ್ಲ ರಂಜಾನು ಮಳೆಗಾಲದಲ್ಲಿ ಬರುತ್ತಿತ್ತು, ಹೊಳೆಗೂ ಅದಕ್ಕೂ ಸಂಬಂಧ ಇರಲಿಲ್ಲ. ವರ್ಷ ವರ್ಷ ಹಿಂದೆ ಸರಿಯುತ್ತ ಸರಿಯುತ್ತ ಈಗ ನಮ್ಮ ಬೇಸಿಗೆಯ ಮೇಲೆ ಬಂದು ಕೂತಿದೆ. ಅದು ಮುಗಿಯಲಿ ಅಂತ ಕಾದರೆ ಹೊಳೆ ಒಣಗಿ ಮಡುವು ಮಡುವಾಗುತ್ತದೆ. ಹೋಗುವುದಾದರೆ ರೋಜಾದಲ್ಲೇ ಹೋಗಬೇಕು. ನಾನು ಉಂಡು ಕೈ ತೊಳೆಯಬೇಕು, ನೀನು ಆ ಮೇಲೆ ರೋಜಾ ಬಿಡಬೇಕು. ಎರಡು ವರ್ಷ ಹಾಗೇ ನಡೆದಿತ್ತು.

ಹೋದ ವರ್ಷದ ಕೊನೆಯ ವಸ್ತಿಯಲ್ಲಿ ಕೆಟ್ಟಿತು. ಎದುರುಗಾಳಿ, ಭಾರದ ನಾವೆ. ನೀನು ಬಾಯಿ ಒಣಗಿಸಿಕೊಂಡು ಹುಟ್ಟು ಹಾಕಿದೆ, ನಾನು ಗುಳಿಗೆ ನುಂಗಿ ಹೊಟ್ಟೆಗೆ ಏನೂ ಇಲ್ಲದೆ ಹಾಕಿದೆ. ಉಸುಕು ಮುಟ್ಟುವುದರೊಳಗೆ ಹೊತ್ತು ಮುಳುಗಿಬಿಟ್ಟಿತ್ತು. ನೀನು, "ಯಾರ ನೋಡ್ತಾರಲೇ ಇಲ್ಲಿ, ಒಂದ ರೊಟ್ಟಿ ತಿನ್ನು" ಅಂದೆ. ನಾನು, "ನಾನ ನೋಡ್ತೇನಲ್ಲೋ" ಅಂದೆ. ನೀನು ಸಿಟ್ಟಿಗೆದ್ದು, ನೀನೂ ಉಣ್ಣದೆ, ಬರೀ ನೀರು ಕುಡಿದು ರೋಜಾ ಬಿಟ್ಟು ಆ ಕಡೆ ಮುಖ ಮಾಡಿ ಕೂತೆ. ಆಮೇಲಿನದು ನನಗೆ ನೆನಪಿಲ್ಲ. ಬೆವರು ಬಂದದ್ದಷ್ಟೇ ಗೊತ್ತು.

ಸೊಸೆ ಕುಸುಮ ಮರುದಿನ ದಂಡೆಯ ಮೇಲೆ ನಿನಗೆ, "ಕಾಕಾ, ಇವರಿಗಂತೂ ಬುದ್ಧಿ ಇಲ್ಲ, ನಿಮಗೂ ಇಲ್ಲೇನ್ರಿ? ಹೆಣಾ ತರಾವ್ರಿದ್ರಿ" ಅಂದಳು. ಹಾಗೆ ಅನ್ನಬಾರದಿತ್ತು. ನಾನು ಅವಳಿಗೆ ಬೈದೆ, ಅವಳು ನನ್ನನ್ನು ಅಥಣಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಸಕ್ಕರೆ ರೋಗದ ಗುಳಿಗೆ ನುಂಗಿ ಉಪವಾಸ ಬೀಳುವವರು ಬೆಳಗು ನೋಡುವುದಿಲ್ಲ ಅಂತ ಅವರು ನನಗೆ ಹೇಳಿದರು. ನೀನು ಹೇಳುವುದೂ ಅದೇ. ನೀವೆಲ್ಲ ಕೂಡಿ ಹೇಳುವುದು ಖರೆಯೇ.

ಆದರೆ ಇಬ್ರಾಹಿಮಾ, ಪ್ರಯಾಣದಲ್ಲಿದ್ದವನು ರೋಜಾ ಹಿಡಿಯದೆ ಬಿಡಬಹುದು, ಆಮೇಲೆ ಹಿಡಿದು ತೀರಿಸಬಹುದು ಅಂತ ನಿಮ್ಮಲ್ಲಿ ಇದೆ. ನೀನೇ ಒಮ್ಮೆ ಹೇಳಿದ್ದೆ. ಆ ಬಿಸಿಲಿನಲ್ಲಿ ಹುಟ್ಟು ಹಾಕುತ್ತ ನೀನು ಬಿಟ್ಟೆಯಾ? ನಾನು ಬಿಡು ಅಂದೆನಾ? ನನ್ನದು ಮಾತ್ರ ಬಿಡಿಸಲು ಹೊರಟಿದ್ದೀ. ಬಸದಿಯಲ್ಲಿ ನಿಂತು ಹೆಂಡತಿಯ ಜೊತೆ ತೆಗೆದುಕೊಂಡ ವ್ರತ. ಅವಳು ಇಲ್ಲ, ಅವಳ ಪಾಲಿನದನ್ನೂ ನಾನೇ ನಡೆಸುತ್ತಿದ್ದೇನೆ. ಬಿಡುವುದಿಲ್ಲ. ಈ ಮಾತು ಇಲ್ಲಿಗೆ ಮುಗಿಯಿತು.

ಅದಕ್ಕೇ ಹೇಳುವುದು, ನಮಗೆ ಬೇಕಾದದ್ದು ಓಡುವ ದೋಣಿ. ನಸುಕಿನಲ್ಲಿ ಹೊರಡೋಣ. ಮಧ್ಯಾಹ್ನದ ಮೇಲೆ ಪಡುಗಾಳಿ ಏಳುತ್ತದೆ, ಬೆನ್ನಿಗೆ ಹಿಡಿದರೆ ಹೊತ್ತು ಇನ್ನೂ ಎರಡು ಮಾರು ಮೇಲಿರುವಾಗ ಉಸುಕು ಮುಟ್ಟುತ್ತೇವೆ. ನಾನು ಉಣ್ಣುತ್ತೇನೆ, ನೀನು ನೋಡುತ್ತ ಕೂಡು. ಆಮೇಲೆ ನೀನು ಉಣ್ಣು, ನಾನು ನೋಡುತ್ತ ಕೂಡುತ್ತೇನೆ. ನಿನ್ನ ಒಂದು ಸಾಲಿಗೆ ನನ್ನ ಉತ್ತರ ಇಷ್ಟೇ: ಎರಡು ಒಡಲಿನದು. ಅದನ್ನೇ ಹೇರಿಸಿ ತಾ. ಬರುವುದಿಲ್ಲ ಅಂದರೆ ಬರಬೇಡ, ಆದರೆ ದೋಣಿ ಕಳಿಸು. ನಾನೊಬ್ಬನೇ ಹೋಗುತ್ತೇನೆ. ಇದು ಬೆದರಿಕೆಯಲ್ಲ. ಬೆದರಿಸುವಷ್ಟು ಕಸುವು ಉಳಿದಿಲ್ಲ.

ವೈನಿಯ ಮಂಡಿನೋವು ಹೇಗಿದೆ ತಿಳಿಸು. ದಣಿದಿದ್ದೇನೆ, ಅಕ್ಷರ ಸೊಟ್ಟ ಆಗುತ್ತಿದೆ, ಇಲ್ಲಿಗೆ ಸಾಕು.

ನಿನ್ನ
ಭಾವುಸಾಹೇಬ

ತಾ.ಕ.: ಗಾಳಿ ಬಿದ್ದುಹೋದರೆ ಏನು ಮಾಡುತ್ತೀ ಅಂತ ನೀನು ಕೇಳುತ್ತೀ. ಗಾಳಿ ಬೀಳುತ್ತದೆ, ನನಗೂ ಗೊತ್ತು. ಹೋದ ವರ್ಷ ನನ್ನ ಮುಖಕ್ಕೆ ನೀರು ಚಿಮುಕಿಸಿದೆ, ಅಷ್ಟಕ್ಕೇ ಎಚ್ಚರಾಯಿತು ಅಂತ ನೀನು ಎಲ್ಲರ ಮುಂದೆ ಹೇಳಿದೆ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಅವತ್ತಿನಿಂದ ಸತ್ತಿಗೂ ಬರಲಿಲ್ಲ. ಬೆಳಿಗ್ಗೆ ನನ್ನ ಹಲ್ಲಿನ ಸಂದಿಯಲ್ಲಿ, ನೀನು ರೋಜಾ ಬಿಡಲು ತರುವ ಖಜೂರದ ನಾರು ಇತ್ತು. ಬೀಜ ತೆಗೆದು ಬಾಯಿಗೆ ಹಾಕಿದ್ದೀ, ಇಲ್ಲದಿದ್ದರೆ ಗಂಟಲಿಗೆ ಸಿಕ್ಕು ಅಲ್ಲೇ ಮುಗಿಯುತ್ತಿದ್ದೆ. ಊರಿಗೆ ಬಂದು, ಹೊಟ್ಟೆ ಕೆಟ್ಟಿದೆ ಅಂತ ಮನೆಯಲ್ಲಿ ಸುಳ್ಳು ಹೇಳಿ, ಗುಳಿಗೆಯನ್ನೂ ಬಿಟ್ಟು ಒಂದು ದಿನ ಉಪವಾಸ ಮಾಡಿದೆ. ಪ್ರಾಯಶ್ಚಿತ್ತ ಮುಗಿಯಿತು, ನಿನ್ನದೂ ಸೇರಿ. ಈ ವರ್ಷವೂ ಖಜೂರ ತಾ. ಯಾವ ಜೇಬಿನಲ್ಲಿ ಇಟ್ಟಿದ್ದೀ ಅಂತ ಮಾತ್ರ ನನಗೆ ಹೇಳಬೇಡ.