ಒಂಬತ್ತನೇ ಸೈಜಿನ ಎಡಗಾಲು

ಅಪ್ಪನಿಗೆ,

ಮೊದಲು ನಮ್ಮ ಕಾರ್ಖಾನೆಯ ಬೂಟುಗಳು ಮೂಟೆಗಟ್ಟಲೆ ಅಂಗಡಿಗಳಿಗೆ ಹೋಗುತ್ತಿದ್ದವು. ಈಗ ಆನ್‌ಲೈನ್ ಆರ್ಡರುಗಳು ನೇರ ನನ್ನ ಮೇಜಿಗೇ ಬರುತ್ತವೆ. ಕಂಡು ಕೇಳರಿಯದ ಊರುಗಳ ಜನರಿಗೆ ದಿನಕ್ಕೆ ನಾನೂರು ಪೆಟ್ಟಿಗೆ ಕಟ್ಟುತ್ತೇನೆ.

ಇವತ್ತು ಯಂತ್ರದಿಂದ ಹೊರಬಂದ ವಿಳಾಸದ ಚೀಟಿಯಲ್ಲಿ ನಿಮ್ಮ ಹೆಸರಿತ್ತು. ಲೋಕದ ಅಷ್ಟೊಂದು ಹೆಸರುಗಳ ನಡುವೆ ಅದು ದಾರಿ ತಪ್ಪದೆ ನನ್ನ ಕೈಗೇ ಬಂದಿತ್ತು. ನನ್ನ ಮದುವೆಯಾದಂದಿನಿಂದ ನೀವು ನನ್ನ ಹೆಸರೆತ್ತಿಲ್ಲವಂತೆ, ಅಮ್ಮ ಹೇಳಿದಳು.

"ಏನಮ್ಮಾ, ದೇವರು ಪ್ರತ್ಯಕ್ಷ ಆದಂಗೆ ನಿಂತ್ಬಿಟ್ಟೆ?" ಎಂದರು ಮೇಲ್ವಿಚಾರಕರು.

"ನಮ್ಮಪ್ಪ ಬಂದಿದಾರೆ ಸಾರ್," ಎಂದೆ.

ನೀವು ಕೇಳಿದ್ದು ಎಂಟನೇ ಸೈಜು. ಎಡಗಾಲಿಗೆ ಮಾತ್ರ ಒಂಬತ್ತರದ್ದು ಇಟ್ಟಿದ್ದೇನೆ. ಜೋಡಿ ತಪ್ಪಿದೆಯೆಂದು ವಾಪಸ್ ಕಳಿಸಬೇಡಿ. ಸಂಜೆಯಾದರೆ ಆ ಪಾದ ಊದಿಕೊಳ್ಳುತ್ತದೆಂದು ಕಾರ್ಖಾನೆಗೇನು ಗೊತ್ತು.

ಪೆಟ್ಟಿಗೆ ಕಟ್ಟಿದವಳು,
ನಿಮ್ಮ ಮಗಳು