ಒಂಟಿ ಸೀನು

ತಂಗಿ ತುಳಸಮ್ಮನಿಗೆ ಅಣ್ಣನ ಆಶೀರ್ವಾದ.

ಫೋನು ಇಲ್ಲಿ ಹಿಡಿಯುವುದಿಲ್ಲ, ಅದಕ್ಕೇ ಕಾರ್ಡು. ಬರುವ ವಾರ ಚಾಮರಾಜಪೇಟೆ ಛತ್ರದಲ್ಲಿ ನಿನ್ನ ಮಗಳು ಸುಪ್ರಜಾಳನ್ನು ಧಾರೆ ಮಂಟಪಕ್ಕೆ ಕರೆತರುವ ಸೋದರಮಾವ ನಾನೇ. ಬೇರೆ ಯಾರನ್ನೂ ಗೊತ್ತು ಮಾಡಬೇಡ.

ನನ್ನ ಅಳಿಯ ಸ್ವರೂಪನ ಹಾಯಿದೋಣಿ ಬಿರುಗಾಳಿಗೆ ಹೆದರಿ ಕಾರವಾರದ ಹತ್ತಿರ ಒಂದು ದ್ವೀಪದ ಮರೆಯಲ್ಲಿ ಲಂಗರು ಹಾಕಿ ಕೂತಿದೆ. ಊಟಕ್ಕೆ ಕೂತರೆ ತಟ್ಟೆ ಒಂದು ಕಡೆ ಜಾರುತ್ತದೆ, ನಾನೊಂದು ಕಡೆ. ಹಾಯಿದೋಣಿ ಅಂದರೆ ಹಾಯಾಗಿರಬಹುದು ಅಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಗಾಳಿ ತಗ್ಗಿತು. ಲಂಗರು ಎತ್ತುವ ಹೊತ್ತಿಗೆ ನಾನು ಒಂದು ಸಲ ಸೀನಿದೆ. ದೋಣಿ ನಡೆಸುವ ದಾಮೋದರ ಹಗ್ಗ ಬಿಟ್ಟು ಕೂತುಬಿಟ್ಟ. “ಒಂಟಿ ಸೀನು. ನಾನು ಹೊರಡೋದಿಲ್ಲ.”

“ಮಾವ, ಇನ್ನೊಂದು ಸೀನ್ಬಿಡಿ. ಎರಡಾದ್ರೆ ದೋಷ ಇಲ್ಲ,” ಅಂದ ಸ್ವರೂಪ.

ನಶ್ಯ ಏರಿಸಿದೆ, ಬರಲಿಲ್ಲ. ಸ್ವರೂಪ ಮೆಣಸಿನ ಪುಡಿ ಊದಿದ. ಅದಕ್ಕೆ ದಾಮೋದರನೇ ಸೀನಿದ.

“ನಂದೊಂದು, ನಿಂದೊಂದು, ಎರಡಾಯ್ತು. ಏಳಯ್ಯ,” ಅಂದೆ.

“ಒಬ್ಬರೇ ಎರಡು ಸೀನ್ಬೇಕು ಯಜಮಾನ್ರೇ.”

ಜಗಳ ಮುಗಿಯುವಷ್ಟರಲ್ಲಿ ಗಾಳಿ ಮತ್ತೆ ಎದ್ದಿತು. ಹೊರಡದಂತೆ ತಡೆದು ಕಾಪಾಡಿತೆಂದು ಈಗ ಆ ಮುಠ್ಠಾಳ ನನ್ನ ಮೂಗಿಗೆ ಕೈ ಮುಗಿಯುತ್ತಿದ್ದಾನೆ.

ನೆಗಡಿ ಬಿಟ್ಟರೆ ಆರೋಗ್ಯವಾಗಿದ್ದೇನೆ. ನಾಳೆಯೂ ಇವನು ಹೊರಡದಿದ್ದರೆ, ಈ ಕಾರ್ಡು ಒಯ್ಯುವ ಮೀನುಗಾರರ ದೋಣಿಯಲ್ಲೇ ದಡ ಸೇರಿ ಬಸ್ಸು ಹತ್ತುತ್ತೇನೆ. ಬಸ್ಸು ಯಾರ ಸೀನಿಗೂ ನಿಲ್ಲುವುದಿಲ್ಲ.

ಕಾರ್ಡು ತುಂಬಿತು.

ನಿನ್ನ ಅಣ್ಣ,
ರಾಮಾನುಜ